ಅಪ್ಪ ಬಾಗಿಲಾಚೆ ನಿಲ್ಲಿಸಿದ ಪದ

ನಮ್ಮ ಅಂಗಡಿಯಲ್ಲಿ ಒಂದು ಪದ ಆಡುವಂತಿರಲಿಲ್ಲ. ಅದು ಅಪ್ಪ ಮಾಡಿದ ಕಟ್ಟಳೆ. ಯಾರಾದರೂ ಮಗುವಿನ ಕೈಹಿಡಿದು ಎಳೆದುಕೊಂಡು ಬಂದು, "ನಮ್ಮ ಹುಡುಗಿ ಕುಂಟಿ ಸಾರ್, ಏನಾದ್ರೂ ಮಾಡ್ಕೊಡಿ" ಅಂದರೆ ಸಾಕು, ಅಪ್ಪ ತೊಗಲು ಕತ್ತರಿಸುವ ರಂಪಿಗೆಯನ್ನು ಕೆಳಗಿಟ್ಟು, "ಒಂದ್ಸಲ ಹೊರಗೆ ಹೋಗಿ. ಮತ್ತೆ ಒಳಗೆ ಬಂದು ಬೇರೆ ಮಾತಲ್ಲಿ ಹೇಳಿ" ಎನ್ನುತ್ತಿದ್ದರು. ಹಲವರು ಹಾಗೇ ಮಾಡುತ್ತಿದ್ದರು. ಕೆಲವರು ಸಿಟ್ಟಾಗಿ ಹೊರಟೇ ಹೋಗುತ್ತಿದ್ದರು. ಹೋದ ಗಿರಾಕಿಯ ಬೆನ್ನು ನೋಡುತ್ತ ಅಮ್ಮ ಹಣೆ ಚಚ್ಚಿಕೊಂಡರೆ, ಅಪ್ಪ ಮತ್ತೆ ರಂಪಿಗೆ ಎತ್ತಿಕೊಳ್ಳುತ್ತಿದ್ದರು, ಅಷ್ಟೆ.

ಒಂದು ಕಾಲು ಗಿಡ್ಡ ಇರುವವರಿಗೆ ಚಪ್ಪಲಿ, ಬೂಟು ಮಾಡಿಕೊಡುವುದು ನಮ್ಮ ಕಸುಬು. ಗಿಡ್ಡ ಕಾಲಿನ ಅಟ್ಟೆಯನ್ನು ಬೇಕಾದಷ್ಟು ಎತ್ತರಿಸಬೇಕು, ಎತ್ತರಿಸಿದ್ದು ಕಣ್ಣಿಗೆ ಹೊಡೆಯಬಾರದು, ಎರಡೂ ಒಂದೇ ತೂಕ ಬರಬೇಕು. ಅಪ್ಪ ಮೊದಲು ಮಾಮೂಲಿ ಚಪ್ಪಲಿ ಹೊಲಿಯುತ್ತಿದ್ದವರು. ನಾನು ಹುಟ್ಟಿ ನಡೆಯಲು ಕಲಿತ ಮೇಲೆ ಇದಕ್ಕೆ ಇಳಿದರು. ನನ್ನ ಬಲಗಾಲು ಎಡಗಾಲಿಗಿಂತ ಗಿಡ್ಡ. ಇಂಥ ಚಪ್ಪಲಿಗೆ ಅಪ್ಪನೇ ಒಂದು ಹೆಸರು ಕಟ್ಟಿದರು: ಸಮಜೋಡು. ಮನೆಯಲ್ಲಿ, ಅಂಗಡಿಯಲ್ಲಿ, ರಸೀತಿಯಲ್ಲಿ ಎಲ್ಲ ಅದೇ. ಕುಂಟೆಬಿಲ್ಲೆ ಕೂಡ ನಮ್ಮನೆಯಲ್ಲಿ ಬರೀ ಬಿಲ್ಲೆಯಾಟ. ಯಾರಾದರೂ ಕುಂಟು ನೆಪ ಹೇಳಿದರೆ ಅಪ್ಪನ ಬಾಯಲ್ಲಿ ಅದು ಸುಳ್ಳು ನೆಪ. ಕುಂಟನಿಗೆ ಎಂಟು ಚೇಷ್ಟೆ ಎಂದು ಗಾದೆ ಕಟ್ಟಿದ ಮಹಾನುಭಾವ ನಮ್ಮಪ್ಪನ ಕೈಗೆ ಸಿಗಲಿಲ್ಲ, ಅವನ ಪುಣ್ಯ.

ಶಾಲೆಯಲ್ಲಿ ಅದೇ ಗಾದೆ ಹೇಳುತ್ತ ನನ್ನ ಹಿಂದೆ ಕುಣಿದ ಹುಡುಗನೊಬ್ಬನ ಮುಂದಿನ ಹಲ್ಲನ್ನು ಅಣ್ಣ ಉದುರಿಸಿದ್ದ. ಆ ಹಲ್ಲನ್ನು ಕಾಗದದಲ್ಲಿ ಸುತ್ತಿಕೊಂಡು ಅವನ ತಾಯಿ ನಮ್ಮ ಮನೆಗೆ ಜಗಳಕ್ಕೆ ಬಂದಳು. ಅಪ್ಪ ಆಕೆಯ ಕ್ಷಮೆ ಕೇಳಿದರು. ಅಣ್ಣನಿಗೆ ಮಾತ್ರ ಒಂದು ಮಾತೂ ಅನ್ನಲಿಲ್ಲ.

ಈಗ ಅಪ್ಪ, ಅಮ್ಮ ಇಬ್ಬರೂ ಇಲ್ಲ. ಕಾಲಿನ ಅಳತೆಗೆ ಮರದ ಅಚ್ಚು ಕೆತ್ತುವುದು, ಅಟ್ಟೆ ಕೂರಿಸುವುದು ಅಣ್ಣನ ಕೆಲಸ. ಮೇಲಿನ ತೊಗಲು ಹೊಲಿಯುವುದು, ಗಿರಾಕಿಗಳ ಹತ್ತಿರ ಮಾತಾಡುವುದು, ಫೋನು ಎತ್ತುವುದು ನನ್ನದು. ಅತ್ತಿಗೆ ಮುಖ್ಯರಸ್ತೆಯ ಔಷಧಿ ಅಂಗಡಿಯಲ್ಲಿ ಕೌಂಟರಿಗೆ ನಿಲ್ಲುತ್ತಾರೆ. ಮೂವರೂ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಇರುತ್ತೇವೆ.

ಗಿರಾಕಿಗಳು ಒಬ್ಬೊಬ್ಬರಾಗಿ ತಪ್ಪತೊಡಗಿದ್ದು ಯಾವಾಗಿನಿಂದ ಎಂದು ಹೇಳಲಾರೆ. ಮೊದಲು ಡಾಕ್ಟರು ಚೀಟಿ ಬರೆದು ನಮ್ಮಲ್ಲಿಗೆ ಕಳಿಸುತ್ತಿದ್ದರು. ಆ ಡಾಕ್ಟರಿಗೆ ವಯಸ್ಸಾಯಿತು. ಈಗ ಯಾರೂ ಯಾರನ್ನೂ ಕೇಳುವುದಿಲ್ಲ, ಫೋನಿನಲ್ಲಿ ಹುಡುಕುತ್ತಾರೆ. ಹುಡುಕಿದರೆ ನಾವು ಸಿಗುವುದಿಲ್ಲ. ಇಂಥ ಹೊತ್ತಿನಲ್ಲಿ ಬೂಟಿನ ಕಾರ್ಖಾನೆಯ ಮ್ಯಾನೇಜರು ತಾವೇ ನಮ್ಮ ಮೆಟ್ಟಿಲು ಹತ್ತಿ ಬಂದು, ಅಚ್ಚಿನ ವಿಭಾಗಕ್ಕೆ ಮೇಸ್ತ್ರಿ ಬೇಕು, ನೀವೇ ಬನ್ನಿ ಎಂದು ಅಣ್ಣನನ್ನು ಕರೆದರು. ತಿಂಗಳ ಕೊನೆಯೊಳಗೆ ಹೇಳಬೇಕಿತ್ತು. ಐವತ್ತು ದಾಟಿದವನನ್ನು ಮನೆಗೇ ಬಂದು ಕರೆಯುವವರು ಇನ್ನೊಬ್ಬರು ಹುಟ್ಟಿ ಬರಬೇಕು.

"ಹೋಗಿ ಅಂದ್ರೆ ಹೋಗಿ" ಎಂದರು ಅತ್ತಿಗೆ. "ಬೆಳಿಗ್ಗೆ ಎದ್ರೆ ನಿಮ್ಮ ಬೆನ್ನು ನೆಟ್ಟಗಾಗೋಕೆ ಅರ್ಧ ಗಂಟೆ ಬೇಕು."

"ಅಂಗಡಿಗೆ ಬೀಗ ಹಾಕೋಕೆ ಕಾಯ್ತಾ ಕೂತಿದ್ರಾ ಅತ್ತಿಗೆ?" ಎಂದೆ ನಾನು. ನನ್ನ ಬಾಯಿಗೆ ಬೀಗ ಇಲ್ಲ, ಮೊದಲಿನಿಂದಲೂ.

ಅಣ್ಣ ಇಬ್ಬರನ್ನೂ ನೋಡಿ ಒಂದು ತೀರ್ಮಾನ ಹೇಳಿದ. "ನೋಡು ಪುಟ್ಟಿ, ನಮ್ಮಂಥದ್ದನ್ನ ಜನ ಹುಡುಕ್ತಾ ಇದ್ದಾರಾ ಇಲ್ವಾ, ಮೊದಲು ಅದು ಗೊತ್ತಾಗ್ಲಿ. ಹುಡುಕ್ತಿದ್ರೆ ಅಂಗಡಿ. ಇಲ್ದಿದ್ರೆ ಕಾರ್ಖಾನೆ. ಆಮೇಲೆ ನನ್ನ ತಲೆ ತಿನ್ನಬಾರದು."

ಜನ ಏನು ಹುಡುಕುತ್ತಾರೆ ಎಂದು ತಿಳಿಯುವುದು ಹೇಗೆ? ಅದಕ್ಕೂ ಒಬ್ಬ ಮೇಷ್ಟ್ರು ಇದ್ದರು. ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ವಾರಕ್ಕೊಮ್ಮೆ ಪಾಠ ಹೇಳುತ್ತಿದ್ದರು. ಎಲ್ಲರೂ ಅವರನ್ನು ಕೀವರ್ಡ್ ಮೇಷ್ಟ್ರು ಎನ್ನುತ್ತಿದ್ದರು. ಜನ ಯಾವ ಮಾತು ಟೈಪ್ ಮಾಡಿ ಹುಡುಕುತ್ತಾರೋ ಆ ಮಾತೇ ಕೀವರ್ಡ್. ಅದು ಇಂಟರ್ನೆಟ್ಟಿನ ನಿಮ್ಮ ಪುಟದಲ್ಲಿ ಇರದಿದ್ದರೆ ನೀವು ಭೂಮಿಯ ಮೇಲೇ ಇಲ್ಲ ಎಂದು ಅವರು ಮೊದಲ ದಿನವೇ ಹೆದರಿಸಿದರು. ಅದನ್ನು ಕಂಡುಹಿಡಿಯುವ ದೊಡ್ಡ ಟೂಲ್ ಒಂದನ್ನು ಪರದೆಯ ಮೇಲೆ ತೋರಿಸಿದರು. ಬೆಲೆ ಕೇಳಿ ನನಗೆ ನಗು ಬಂತು. ಒಂದು ತಿಂಗಳ ಬಾಡಿಗೆಗೆ ನಮ್ಮ ಅಂಗಡಿಯನ್ನೇ ಮಾರಬೇಕಿತ್ತು.

"ಅಗ್ಗದ್ದು ಯಾವುದೂ ಇಲ್ವಾ ಸಾರ್?"

"ಇವೆ ಮೇಡಂ. ಹುಡುಕಬೇಕು."

ಹುಡುಕಿದೆ. ಹುಡುಕುವುದನ್ನು ಹುಡುಕುವುದಕ್ಕೇ ಒಂದು ವಾರ ಹೋಯಿತು. ಒಂದು ಪುಕ್ಕಟೆ ಟೂಲ್ ದಿನಕ್ಕೆ ಮೂರೇ ಮಾತು ಕೇಳಲು ಬಿಡುತ್ತಿತ್ತು. ನಾಲ್ಕನೆಯದು ಕೇಳಿದರೆ ನಾಳೆ ಬಾ ಎಂದು ಸಾಲಗಾರನ ಹಾಗೆ ಬಾಗಿಲು ಹಾಕಿಕೊಳ್ಳುತ್ತಿತ್ತು. ಇನ್ನೊಂದು ನಮ್ಮ ಭಾಷೆಯ ಅಕ್ಷರ ಕಂಡ ಕೂಡಲೇ ಚೌಕ ಚೌಕ ಡಬ್ಬಿಗಳನ್ನು ತೋರಿಸಿತು. ಮತ್ತೊಂದರಲ್ಲಿ ಹತ್ತಾರು ಜನ ಸೇರಿ ಒಂದೇ ಪಾಸ್‌ವರ್ಡ್ ಹಂಚಿಕೊಳ್ಳುವ ವ್ಯವಸ್ಥೆ. ಬೆಲೆಯೇನೋ ಕಡಿಮೆ. ಆದರೆ ನಾನು ಒಳಗೆ ಹೋದರೆ ಎಲ್ಲೋ ಕೂತ ಪುಣ್ಯಾತ್ಮ ಹೊರಗೆ ಬೀಳುತ್ತಿದ್ದ, ಅವನು ಮತ್ತೆ ಒಳಗೆ ಬಂದರೆ ನಾನು ಹೊರಗೆ. ಒಬ್ಬರ ಮುಖ ಒಬ್ಬರು ನೋಡದೆ ಮೂರು ದಿನ ತಳ್ಳಾಡಿದೆವು. ಅವನೂ ನನ್ನಷ್ಟೇ ಗತಿಗೆಟ್ಟವನಿರಬೇಕು, ಪಾಪ. ಕೊನೆಗೆ ಒಂದು ಸಣ್ಣ ಟೂಲ್ ಸಿಕ್ಕಿತು. ಹೆಸರಿಲ್ಲದ ಯಾವುದೋ ಕಂಪನಿಯದು, ತಿಂಗಳಿಗೆ ಒಂದು ಜೊತೆ ಹವಾಯಿ ಚಪ್ಪಲಿಯ ಬೆಲೆ. ನಮ್ಮ ಭಾಷೆಯನ್ನೂ ಓದುತ್ತಿತ್ತು.

ಅಂಗಡಿಯಲ್ಲೇ ಕೂತು ಮೊದಲು 'ಸಮಜೋಡು' ಎಂದು ಕೊಟ್ಟೆ. ಮಾಹಿತಿ ಇಲ್ಲ ಎಂದಿತು. 'ಗಿಡ್ಡ ಕಾಲಿಗೆ ಚಪ್ಪಲಿ' ಎಂದೆ. ಬೆರಳೆಣಿಕೆ. ಅದರ ಕೆಳಗೆ ಆ ಟೂಲ್ ತಾನಾಗಿಯೇ, ನೀವು ಇದನ್ನು ಕೇಳುತ್ತಿದ್ದೀರಾ ಎನ್ನುವಂತೆ, ಜನ ನಿಜವಾಗಿ ಹುಡುಕುವ ಮಾತುಗಳನ್ನು ಒಂದರ ಕೆಳಗೊಂದು ಇಳಿಸಿತು. ಕುಂಟರ ಚಪ್ಪಲಿ. ಕುಂಟು ಕಾಲಿಗೆ ಬೂಟು. ಮಗಳು ಕುಂಟುತ್ತಾಳೆ ಏನು ಮಾಡಬೇಕು. ಪಕ್ಕದಲ್ಲಿ ಸಂಖ್ಯೆಗಳು, ನೂರು, ಸಾವಿರ. ಇಷ್ಟು ಜನ ನಮ್ಮನ್ನೇ ಹುಡುಕುತ್ತಿದ್ದಾರೆ ಎಂಬ ಸಂತೋಷ ಒಂದು ಕಡೆ. ಇಷ್ಟು ಬಾಯಿಗಳಲ್ಲಿ ಇನ್ನೂ ಅದೇ ಪದ ಇದೆಯಲ್ಲ ಎಂಬ ಸಂಕಟ ಇನ್ನೊಂದು ಕಡೆ.

ಅಣ್ಣ ನನ್ನ ಭುಜದ ಮೇಲಿಂದ ಬಗ್ಗಿ ಓದಿದ.

"ಮುಚ್ಚು ಅದನ್ನ."

"ಜನ ಹುಡುಕ್ತಾ ಇದ್ದಾರಲ್ಲ ಅಣ್ಣ. ಈ ಮಾತು ನಮ್ಮ ಪುಟದಲ್ಲಿ ಹಾಕಿದ್ರೆ..."

"ನಿನ್ನನ್ನ ಹಾಗೆ ಕರೆದವನ ಹಲ್ಲು ಉದುರ್ಸಿದೀನಿ ನಾನು. ಈಗ ನಾನೇ ಅದನ್ನ ಬರೆದು ಬಾಗಿಲಿಗೆ ನೇತುಹಾಕ್ಲಾ? ಅಪ್ಪ ಏನಂದ್ಕೋತಾರೆ?"

"ಅಪ್ಪ ಎಲ್ಲಿದ್ದಾರೆ ಅಂದ್ಕೊಳೋಕೆ?"

"ಪುಟ್ಟಿ!"

ಸತ್ಯ ಹೇಳಬೇಕೆಂದರೆ ಅವನು ಹಾಗೆ ಗದರಿದ್ದು ನನಗೆ ಹಿತವಾಗಿತ್ತು. ಅಣ್ಣ ಅಚ್ಚಿನ ಕಡೆ ತಿರುಗಿ, "ಕಾಸಿಗೆ ತಕ್ಕ ಕಜ್ಜಾಯ. ಅಗ್ಗದ ಟೂಲ್‌ಗೆ ಸಮಜೋಡು ಅಂದ್ರೆ ಏನು ಗೊತ್ತಿರುತ್ತೆ?" ಎಂದ. ಆ ಮಾತನ್ನು ನಾನೂ ನಂಬಿದೆ. ನಂಬುವುದಕ್ಕೆ ಕಾಸು ಕೊಡಬೇಕಾಗಿರಲಿಲ್ಲವಲ್ಲ.

ಪುಟ ಮಾಡಿದೆವು. ಮೇಲೆ ದೊಡ್ಡ ಅಕ್ಷರದಲ್ಲಿ ಸಮಜೋಡು, ಕೆಳಗೆ ಅಪ್ಪನ ಹಳೇ ಫೋಟೋ, ಅಂಗಡಿಯ ಫೋನ್ ನಂಬರು. ಮೇಷ್ಟ್ರು ಇನ್ನೊಂದನ್ನು ಹೇಳಿಕೊಟ್ಟರು. ಹುಡುಕಿಕೊಡುವ ಕಂಪನಿಯೇ ಪುಕ್ಕಟೆಯಾಗಿ ಏರಿಳಿಯುವ ಒಂದು ಗೆರೆ ತೋರಿಸುತ್ತದೆ: ಯಾವ ಮಾತಿಗೆ ನಿಮ್ಮ ಪುಟ ಎಷ್ಟು ಸಲ ಜನರ ಕಣ್ಣಿಗೆ ಬಿತ್ತು ಎಂದು. ಮೊದಲ ಎರಡು ದಿನ ಆ ಗೆರೆ ನೆಲಕ್ಕೆ ಅಂಟಿಕೊಂಡಿತ್ತು. ಮೂರನೆಯ ದಿನ ತಲೆ ಎತ್ತಿತು. 'ಸಮಜೋಡು' ಎಂದು ಯಾರೋ ಹುಡುಕಿದ್ದರು! ಮಾರನೆಯ ದಿನ ಇನ್ನೂ ಮೇಲೆ. ವಾರ ಕಳೆಯುವಷ್ಟರಲ್ಲಿ ಏಣಿ ಹತ್ತಿದ ಹಾಗೆ ಹತ್ತಿತು.

"ನೋಡಿದ್ಯಾ? ಒಳ್ಳೇ ಮಾತಿಗೂ ಕಿವಿ ಇದೆ ಲೋಕದಲ್ಲಿ" ಎಂದ ಅಣ್ಣ. ಅವನ ಬೆನ್ನೇ ನೆಟ್ಟಗಾದಂತೆ ಕಂಡಿತು. ನಾನು ಬೇಕೆಂದೇ ಫೋನನ್ನು ಅತ್ತಿಗೆಯ ಮುಖಕ್ಕೆ ಹಿಡಿದೆ. ಅತ್ತಿಗೆ ಆ ಗೆರೆಯನ್ನು ಬಹಳ ಹೊತ್ತು ನೋಡಿ, "ಹಂಗಾದ್ರೆ ಕಾರ್ಖಾನೆ ಬೇಡ ಬಿಡಿ" ಎಂದರು. ಸೋತವರ ದನಿಯಲ್ಲಿ ಹೇಳುತ್ತಾರೆ ಎಂದುಕೊಂಡಿದ್ದೆ, ಹಾಗಿರಲಿಲ್ಲ. ನಾನು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ತಿಂಗಳ ಕೊನೆಯ ದಿನ ಅಣ್ಣ ಮ್ಯಾನೇಜರಿಗೆ ಫೋನ್ ಮಾಡಿ ಬರುವುದಿಲ್ಲ ಎಂದು ಹೇಳಿದ. ಹೇಳಿ ಬಂದು, ಒಳ್ಳೆಯ ತೊಗಲು ತರಿಸಿದ.

ತೊಗಲು ಬಂತು. ಗಿರಾಕಿ ಬರಲಿಲ್ಲ. ಗೆರೆ ಏರುತ್ತಲೇ ಇತ್ತು, ಫೋನು ಮಾತ್ರ ಮೂಗನ ಹಾಗೆ ಬಿದ್ದಿತ್ತು. ಒಂದು ದಿನ ಅದು ಬಡಿದುಕೊಂಡಾಗ ಹಾರಿಬಿದ್ದು ಎತ್ತಿದೆ. ನಿಮ್ಮ ಪುಟವನ್ನು ಮೇಲೆ ತರುತ್ತೇವೆ, ಪ್ಯಾಕೇಜ್ ತಗೊಳ್ಳಿ ಎಂದು ಒಬ್ಬಳು ಶುರು ಮಾಡಿದಳು. ಅವಳಿಗೆ ನಾನು ಅಂದದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಮತ್ತೆ ಮೇಷ್ಟ್ರ ಮಹಡಿ ಹತ್ತಿದೆ. ನಮ್ಮ ಚಪ್ಪಲಿ ಎಷ್ಟೇ ಚೆನ್ನಾಗಿದ್ದರೂ ಮೆಟ್ಟಿಲು ಮೆಟ್ಟಿಲೇ. ಅಷ್ಟನ್ನೂ ಹತ್ತಿ, ಏದುಸಿರು ಬಿಡುತ್ತ ಗೆರೆಯನ್ನು ತೋರಿಸಿದೆ. ಅವರು ಗಡ್ಡ ಕೆರೆದುಕೊಂಡರು.

"ಮೇಡಂ, ಈ ಪದ ನಿಮ್ಮ ಮನೆಯಿಂದ ಆಚೆ ಯಾರಿಗೆ ಗೊತ್ತು?"

"ನಮ್ಮ ಗಿರಾಕಿಗಳಿಗೆಲ್ಲ ಗೊತ್ತು."

"ಅವರಿಗೆ ನಿಮ್ಮ ಅಂಗಡೀನೂ ಗೊತ್ತಲ್ವಾ? ಅವರ್ಯಾಕೆ ಹುಡುಕ್ತಾರೆ?"

ಮೇಷ್ಟ್ರು ಮೆತ್ತಗೆ, "ಒಂದು ವಾರ ಮನೇಲಿ ಯಾರೂ ಹುಡುಕಬೇಡಿ. ಆಮೇಲೆ ಗೆರೆ ನೋಡಿ" ಎಂದರು.

ಮೆಟ್ಟಿಲಿಳಿಯುವಾಗ ನನ್ನ ಮುಖಕ್ಕೆ ಯಾರೋ ಬಾರಿಸಿದ ಹಾಗಿತ್ತು. ಯಾಕೆಂದರೆ ನಾನು ಹುಡುಕುತ್ತಿದ್ದೆ. ಬೆಳಿಗ್ಗೆ ಎದ್ದ ಕೂಡಲೇ, ಹೊಲಿಗೆಯ ನಡುವೆ, ಮಲಗುವ ಮುಂಚೆ. ನಮ್ಮ ಪುಟ ಎಷ್ಟನೆಯದಾಗಿ ಬರುತ್ತದೆ ಎಂದು ನೋಡುವ ಚಪಲ. ನಾನೊಬ್ಬಳು ನೋಡಿದರೆ ಎಷ್ಟಾದೀತು, ಉಳಿದದ್ದೆಲ್ಲ ಜನರದ್ದು ಎಂದುಕೊಂಡಿದ್ದೆ.

ಆ ಸಂಜೆ ಊಟಕ್ಕೆ ಕೂತಾಗ ಹೇಳಿದೆ. "ನಾಳೆಯಿಂದ ಒಂದು ವಾರ ಯಾರೂ ಸಮಜೋಡು ಅಂತ ಹುಡುಕಬಾರದು. ಮೇಷ್ಟ್ರು ಹೇಳಿದ್ದಾರೆ."

ಯಾರಾದರೂ, ನಾವ್ಯಾಕೆ ಹುಡುಕ್ತೀವಿ ಎಂದು ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ. ಅಣ್ಣ ತಟ್ಟೆ ನೋಡುತ್ತ ಕೂತ.

"ಅಣ್ಣ?"

"ದಿನಾ ಅಂಗಡಿ ಬಾಗಿಲು ಹಾಕುವಾಗ ಒಂದಷ್ಟು ಸಲ ಹುಡುಕ್ತಿದ್ದೆ. ಹುಡುಕಿದಷ್ಟೂ ಮೇಲೆ ಬರುತ್ತೆ ಅಂತ ಯಾರೋ ಅಂದಿದ್ರು. ನಾನೊಬ್ಬ ಮಾಡಿದ್ರೆ ಏನು ಮಹಾ..." ಎಂದು ಅಲ್ಲಿಗೇ ನಿಲ್ಲಿಸಿದ.

"ಅಯ್ಯೋ ದೇವರೇ! ನೀನೇ ಹುಡುಕಿ, ನೀನೇ ಗೆರೆ ನೋಡಿ, ನೀನೇ ಕೆಲಸ ಬಿಟ್ಯಾ? ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ ಹಾಗಾಯ್ತಲ್ಲೋ!" ಎಂದು ಕೂಗಿದೆ. ಆಮೇಲೆ ನನ್ನ ತಪ್ಪು ನೆನಪಾಯಿತು. "ನಾನೂ ಹುಡುಕ್ತಿದ್ದೆ" ಎಂದೆ.

ಆಗ ಅತ್ತಿಗೆ ಬಡಿಸುವ ಸೌಟನ್ನು ಪಾತ್ರೆಯಲ್ಲಿ ಬಿಟ್ಟರು. "ನಿಮ್ಮಿಬ್ಬರದ್ದು ಸೇರಿದ್ರೂ ನನ್ನಷ್ಟಾಗಲ್ಲ" ಎಂದರು. "ಕೌಂಟರ್‌ನಲ್ಲಿ ಯಾರೂ ಇಲ್ದಾಗೆಲ್ಲ ಅದೇ ಕೆಲಸ. ನನ್ನ ಫೋನಲ್ಲಿ, ಅಂಗಡಿ ಕಂಪ್ಯೂಟರಲ್ಲಿ. ಜೊತೆಗಿರೋ ಹುಡುಗೀರ ಫೋನೂ ಇಸ್ಕೊಂಡು ಹುಡುಕಿದೀನಿ."

"ನೀವಾ? ನಿಮಗೆ ಅಂಗಡಿ ಮುಚ್ಚಬೇಕಿತ್ತಲ್ಲ?"

"ಮುಚ್ಚಬೇಕು ಅಂತ ಯಾವಾಗ ಅಂದೆ? ಇವರ ಬೆನ್ನು ನೋಡೋಕಾಗಲ್ಲ ಅಂದೆ. ಅಂಗಡಿ ಹೋದ್ರೆ ಇವರು ಉಳೀತಾರೇನೇ? ನೀನು ಉಳೀತೀಯಾ?" ಅತ್ತಿಗೆಯ ಕಣ್ಣು ತುಂಬಿತ್ತು. "ಗೆರೆ ಏರೋದು ನೋಡಿ, ನಾನು ಮಾಡ್ತಿರೋದು ಸ್ವಲ್ಪ, ಉಳಿದೋರು ಯಾರೋ ನಿಜವಾಗ್ಲೂ ಹುಡುಕ್ತಿದ್ದಾರೆ ಅಂದ್ಕೊಂಡೆ."

ಮೂವರೂ ಅದನ್ನೇ ಅಂದುಕೊಂಡಿದ್ದೆವು. ಉಳಿದೋರು ಯಾರೂ ಇರಲಿಲ್ಲ. ಅತ್ತಿಗೆಯ ಮೇಲೆ ಇಷ್ಟು ವರ್ಷ ನಾನು ಹೊಟ್ಟೆಯಲ್ಲಿಟ್ಟುಕೊಂಡು ಸಾಕಿದ ಕೋಪವೆಲ್ಲ ಆ ಹೆಂಗಸಿನ ಮುಂದೆ ಕರಗಿಹೋಯಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಕರಗಲಿಲ್ಲ. ಎಲ್ಲಿ ಎಸೆಯಬೇಕೆಂದು ತಿಳಿಯದೆ ನನ್ನಲ್ಲೇ ಉಳಿಯಿತು. ವಾರದ ಮೇಲೆ ಗೆರೆ ನೋಡಿದರೆ, ನೆಲಕ್ಕೆ ಬಿದ್ದು ಚಾಪೆಯ ಹಾಗೆ ಮಲಗಿತ್ತು.

ಅಣ್ಣ ಒಗೆದ ಅಂಗಿ ಹಾಕಿಕೊಂಡು ಕಾರ್ಖಾನೆಗೆ ಹೋಗಿಬಂದ. ಮೇಸ್ತ್ರಿಯ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಮ್ಯಾನೇಜರು ಕುರ್ಚಿಯನ್ನೂ ಕೊಡದೆ ಮಾತಾಡಿ ಕಳಿಸಿದರಂತೆ. ಬಂದವನು ಅಪ್ಪನ ಮಣೆಯ ಮೇಲೆ ಕೂತು, ಖಾಲಿ ಅಚ್ಚೊಂದನ್ನು ತಿರುಗಿಸಿ ತಿರುಗಿಸಿ ನೋಡಿದ. ನನ್ನ ಕಡೆ ನೋಡದೆಯೇ ಹೇಳಿದ.

"ಹಾಕು ಪುಟ್ಟಿ."

"ಏನನ್ನ?"

"ಅದನ್ನೇ. ಆ ಟೂಲ್ ಹೇಳಿತ್ತಲ್ಲ."

"ನೀನೇ ಬಾಯಿಬಿಟ್ಟು ಹೇಳು, ಏನು ಹಾಕಬೇಕು ಅಂತ." ಹಾಗೆ ಹಿಂಸೆ ಮಾಡಬಾರದಿತ್ತು. ಮಾಡಿದೆ. ಅವನು ಹೇಳಲಿಲ್ಲ, ಎದ್ದು ಒಳಗೆ ಹೋದ.

ನಾನೇ ಟೈಪ್ ಮಾಡಿದೆ. ಸಮಜೋಡು ಅಳಿಸಿ, ಆ ಜಾಗದಲ್ಲಿ 'ಕುಂಟರ ಚಪ್ಪಲಿ, ಕುಂಟು ಕಾಲಿಗೆ ಬೂಟು'. ಮೂರಕ್ಷರ ಹೊಡೆಯುವಷ್ಟರಲ್ಲಿ ಉಳಿದದ್ದನ್ನು ಫೋನೇ ತುಂಬಿಕೊಟ್ಟಿತು. ಅದಕ್ಕೆ ಅಷ್ಟು ಅಭ್ಯಾಸ. ಅಪ್ಪನ ಫೋಟೋವನ್ನು ತೆಗೆದುಬಿಟ್ಟೆ. ಅವರನ್ನು ಆ ಮಾತಿನ ಕೆಳಗೆ ಕೂರಿಸಲು ನನ್ನ ಕೈ ಬರಲಿಲ್ಲ.

ಜನ ಬಂದರು. ಸುಳ್ಳು ಹೇಳುವುದಿಲ್ಲ, ಬಂದರು. ಮೊದಲು ಒಬ್ಬರು ಇಬ್ಬರು, ಆಮೇಲೆ ದೂರದ ಊರುಗಳಿಂದ ಬೆಳಗಿನ ಬಸ್ಸಿಗೇ ಇಳಿಯತೊಡಗಿದರು. ತಂದ ತೊಗಲು ಸಾಲದಾಯಿತು. ಫೋನು ಎತ್ತಿದರೆ, "ಕುಂಟರ ಅಂಗಡೀನಾ?" ಎಂಬುದೇ ಮೊದಲ ಮಾತು. "ಹೌದು, ಹೇಳಿ" ಎನ್ನುತ್ತೇನೆ. ಮೊದಮೊದಲು ನಾನು ಹಾಗೆ ಹೇಳಿದಾಗೆಲ್ಲ ಒಳಗೆ ಅಣ್ಣನ ಸುತ್ತಿಗೆ ನಿಲ್ಲುತ್ತಿತ್ತು. ಎರಡು ಏಟು ತಪ್ಪಿ ಮತ್ತೆ ಶುರುವಾಗುತ್ತಿತ್ತು. ಬರಬರುತ್ತ ನಿಲ್ಲುವುದು ತಪ್ಪಿತು. ಯಾರನ್ನೂ ಹೊರಗೆ ಹೋಗಿ ಬೇರೆ ಮಾತಲ್ಲಿ ಹೇಳಿ ಎಂದು ಕಳಿಸುವಂತಿಲ್ಲ. ಆ ಮಾತು ಹಿಡಿದುಕೊಂಡೇ ಅವರು ನಮ್ಮನ್ನು ಹುಡುಕಿ ಬಂದಿರುತ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನಮ್ಮದು ಹವಾಯಿ ಚಪ್ಪಲಿಯ ಬೆಲೆಗೆ ಹೋಗಿತ್ತು.

ಮೊನ್ನೆ ಒಂದು ಹುಡುಗಿ ಬಂದಿದ್ದಳು, ಎರಡು ಜಡೆಯ, ಬಾಯಿಬಡುಕಿ ಹುಡುಗಿ. ಅಳತೆ ಕೊಟ್ಟು ಹೋಗಿದ್ದವಳು ಅಂದು ಚಪ್ಪಲಿ ತೆಗೆದುಕೊಂಡು ಹೋಗಲು ತಾಯಿಯ ಜೊತೆ ಬೆಂಚಿನ ಮೇಲೆ ಕೂತು, ನೆಲಕ್ಕೆ ಎಟುಕದ ಕಾಲು ಆಡಿಸುತ್ತಿದ್ದಳು. ಅತ್ತಿಗೆಗೆ ರಜೆ ಇತ್ತು, ನಲ್ಲಿಯ ಹತ್ತಿರ ಲೋಟ ತೊಳೆಯುತ್ತಿದ್ದರು. ನಾನು ಆ ಹುಡುಗಿಯ ಚಪ್ಪಲಿಯ ಪಟ್ಟಿಗೆ ಕೊನೆಯ ಹೊಲಿಗೆ ಹಾಕುತ್ತಿದ್ದೆ. ಅಣ್ಣ ಒಳಗಿನಿಂದ, ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಕೂಗಿದ.

"ಪುಟ್ಟೀ, ಆ ಕುಂಟಿದು ಎಲ್ಲಿಟ್ಟೆ?"

ಅತ್ತಿಗೆಯ ಕೈಯಲ್ಲಿ ಲೋಟ ನಿಂತಿತು. ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ಹುಡುಗಿ ಕಾಲಾಡಿಸುವುದನ್ನು ನಿಲ್ಲಿಸಿ ತಾಯಿಯ ಮುಖ ನೋಡಿದಳು. ಅಣ್ಣ ಬಾಗಿಲಿಗೆ ಬಂದು ಕೈ ಚಾಚಿ ನಿಂತ. ಅವನಿಗೆ ತಾನು ಏನು ಅಂದೆ ಎಂಬುದೇ ಗೊತ್ತಿರಲಿಲ್ಲ. ಬಾಯಲ್ಲಿ ಮೊಳೆ, ಕಣ್ಣಲ್ಲಿ ಮುಂದಿನ ಕೆಲಸ.

"ಇಲ್ಲೇ ಇದೆ ಅಣ್ಣ" ಎಂದು ದಾರ ಕತ್ತರಿಸಿ ಅವನ ಕೈಗೆ ಕೊಟ್ಟೆ.